ಲಿಸ್ಟ್‌ನಲ್ಲಿ ಇಲ್ಲದ ಯಾರ್ಕ್

ರಜೆ ಮುಗಿಸಿ ಕಾಲೇಜಿಗೆ ವಾಪಸ್ ಬಂದ ದಿನ ಕ್ಯಾಂಟೀನ್‌ನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಇಂಗ್ಲೆಂಡಿಗೆ ಹೋಗಿದ್ಯಂತೆ, ಯಾರ್ಕ್‌ನಲ್ಲಿ ಆ ಹ್ಯಾರಿ ಪಾಟರ್ ಬೀದಿ ನೋಡಿದ್ಯಾ?" ನೋಡಿದೆ. ಫೋಟೋನೂ ಇದೆ. ಆ ಫೋಟೋದಲ್ಲಿ ನಾನು, ನಮ್ಮ ದೊಡ್ಡಮ್ಮ, ಜೊತೆಗೆ ನಮಗೆ ಪರಿಚಯವೇ ಇಲ್ಲದ ಸುಮಾರು ನಲವತ್ತು ಜನ ಇದ್ದಾರೆ.

ಆ ಬೀದಿಯ ಹೆಸರು ಶ್ಯಾಂಬಲ್ಸ್. ಅಲ್ಲಿ ಹ್ಯಾರಿ ಪಾಟರ್ ಸಿನಿಮಾದ ಒಂದು ಶಾಟ್ ಕೂಡ ತೆಗೆದಿಲ್ಲ. ಅದು ಹಿಂದೆ ಕಸಾಯಿಗಳ ಬೀದಿ. ಮರದ ಚೌಕಟ್ಟಿನ ಹಳೇ ಮನೆಗಳ ಮೇಲಿನ ಮಹಡಿಗಳು ಎರಡೂ ಕಡೆಯಿಂದ ಬೀದಿ ಮೇಲೆ ಬಾಗಿಕೊಂಡಿವೆ, ಕೆಲವು ಕಡೆ ಅಂಗಡಿ ಮುಂದೆ ಮಾಂಸ ಇಡೋಕೆ ಮಾಡಿದ್ದ ಅಗಲವಾದ ಹಲಗೆ ಈಗಲೂ ಇದೆ. ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದರೆ ಯಾರ್ಕ್ ಬಗ್ಗೆ ನನಗೆ ನೆನಪಿರೋದು ಅದಲ್ಲ. ನೆನಪಿರೋದನ್ನ ಹೇಳೋಕೆ ಕ್ಯಾಂಟೀನ್‌ನಲ್ಲಿ ಯಾರೂ ಟೈಮ್ ಕೊಡಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ನನಗೆ ಮನೇಲಿ ಜಗಳ ಆಡೋ ಭಾಷೆ, ಬರೆಯೋ ಭಾಷೆ ಆಗಿದ್ದು ಈ ಕ್ಲಬ್ ಸೇರಿದ ಮೇಲೆ. ತಪ್ಪಿದ್ರೆ ಎಡಿಟರ್ ತಿದ್ದಿರ್ತಾರೆ. ತಿದ್ದಿಲ್ಲ ಅಂದ್ರೆ ನೀವೇ ತಿದ್ಕೊಂಡು ಓದಿ.

ನನ್ನ ವಾದ ಇಷ್ಟೇ. ನಾವು ಊರು ನೋಡೋ ರೀತಿನೂ ಇಂಟರ್ನಲ್ಸ್‌ಗೆ ಓದೋ ರೀತಿನೂ ಒಂದೇ ಆಗಿಬಿಟ್ಟಿದೆ. ಸೀನಿಯರ್ ಕೊಟ್ಟ 'ಇಂಪಾರ್ಟೆಂಟ್ ಕ್ವೆಶ್ಚನ್ಸ್' ಪಿಡಿಎಫ್ ಹಿಡ್ಕೊಂಡು ಸಬ್ಜೆಕ್ಟ್ ಮುಗಿಸ್ತೀವಿ. ಯಾರೋ ಮಾಡಿದ 'ಟಾಪ್ ಟೆನ್' ರೀಲ್ ಹಿಡ್ಕೊಂಡು ಊರು ಮುಗಿಸ್ತೀವಿ. ಎರಡರಲ್ಲೂ ಪಾಸ್ ಆಗ್ತೀವಿ, ಎರಡರಲ್ಲೂ ಒಳಗೆ ಏನೂ ಉಳಿಯಲ್ಲ. ಯಾರ್ಕ್‌ನಂಥ ಊರಿನ ನಿಜವಾದ ಸೊಗಸು ಲಿಸ್ಟ್ ಮುಗಿದ ಮೇಲೆ ಶುರುವಾಗತ್ತೆ. ಅದರಲ್ಲೂ ನಮ್ಮಂಥ ಇಂಜಿನಿಯರಿಂಗ್ ಹುಡುಗರಿಗೆ, ಹುಡುಗಿಯರಿಗೆ.

ನಾನು ಅಲ್ಲಿಗೆ ಹೋಗಿದ್ದು ಕೂಡ ಆಕಸ್ಮಿಕ. ನಮ್ಮ ದೊಡ್ಡಮ್ಮನ ಮಗಳು, ಅಂದ್ರೆ ನಮ್ಮಕ್ಕ, ಯಾರ್ಕ್‌ನಲ್ಲಿ ಎಂಎಸ್‌ಸಿ ಓದ್ತಿದ್ಳು. ದೊಡ್ಡಮ್ಮನಿಗೆ ಮಗಳನ್ನ ನೋಡೋ ಆಸೆ, ಒಬ್ಬರೇ ವಿಮಾನ ಹತ್ತೋಕೆ ಭಯ. ಎರಡನೇ ಸೆಮ್ ಮುಗಿದು ಮನೇಲಿ ಬಿದ್ದಿದ್ದ ನನ್ನನ್ನ "ಇವನಿಗೆ ಇಂಗ್ಲಿಷ್ ಬರತ್ತಲ್ಲ" ಅನ್ನೋ ಒಂದೇ ಅರ್ಹತೆ ಮೇಲೆ ಜೊತೆಗೆ ಕಳಿಸಿದರು. ಹತ್ತು ದಿನ. ಹೋಗೋಕೆ ಮುಂಚೆ ಫೋನ್‌ನಲ್ಲಿ ಇಪ್ಪತ್ಮೂರು ಜಾಗದ ಲಿಸ್ಟ್ ಮಾಡಿದ್ದೆ. ಪ್ರತಿಯೊಂದರ ಮುಂದೆ ಟಿಕ್ ಹಾಕೋ ಬಾಕ್ಸ್.

ಮೊದಲ ಎರಡು ದಿನ ಟಿಕ್ ಹಾಕಿದ್ದೇ ಹಾಕಿದ್ದು. ಶ್ಯಾಂಬಲ್ಸ್, ಟಿಕ್. ಯಾರ್ಕ್ ಮಿನ್‌ಸ್ಟರ್, ಟಿಕ್. ಕ್ಲಿಫರ್ಡ್ಸ್ ಟವರ್, ಟಿಕ್. ಈ ಕ್ಲಿಫರ್ಡ್ಸ್ ಟವರ್ ಬಗ್ಗೆ ನನ್ನ ಲಿಸ್ಟ್‌ನಲ್ಲಿ ಬರೆದಿದ್ದು 'ಬೆಸ್ಟ್ ವ್ಯೂ' ಅಂತ ಅಷ್ಟೆ. ಹಸಿರು ದಿಬ್ಬದ ಮೇಲೆ ಕಲ್ಲಿನ ಗೋಪುರ. ಮೇಲೆ ಹತ್ತಿ ಸೆಲ್ಫಿ ತಗೊಂಡು ಇಳಿದ್ವಿ. ದೊಡ್ಡಮ್ಮ ಮಂಡಿ ನೋವು ಅಂತ ಮೇಲೆ ಬರದೆ ಕೆಳಗೇ ಕೂತಿದ್ದರು. ಇಳಿದು ಬಂದಾಗ ಅಲ್ಲಿದ್ದ ಒಂದು ಕಲ್ಲು ತೋರಿಸಿ, "ಇದೇನೋ ಬರ್ದಿದೆ, ಓದೋ" ಅಂದರು. ಓದಿದೆ. 1190ರ ಮಾರ್ಚ್‌ನಲ್ಲಿ ಊರಿನ ಜನ ಅಟ್ಟಿಸಿಕೊಂಡು ಬಂದಾಗ ಯಾರ್ಕ್‌ನ ಯಹೂದಿಗಳು ಆಗ ಅಲ್ಲಿದ್ದ ಮರದ ಕೋಟೆಯೊಳಗೆ ಸೇರಿಕೊಂಡಿದ್ದರು. ಸುಮಾರು 150 ಜನ ಸತ್ತರು, ಬಹಳಷ್ಟು ಮಂದಿ ಶತ್ರು ಕೈಗೆ ಸಿಗಬಾರದು ಅಂತ ತಾವೇ ಪ್ರಾಣ ಬಿಟ್ಟರು. ನಾನು ಅದರ ಮೇಲೆ ನಿಂತು ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಬಂದಿದ್ದೆ. ದೊಡ್ಡಮ್ಮ ಏನೂ ಹೇಳಲಿಲ್ಲ. ಚಪ್ಪಲಿ ಬಿಟ್ಟು ಆ ಕಲ್ಲಿಗೆ ಕೈ ಮುಗಿದರು. ನನ್ನ ಲಿಸ್ಟ್ ಮೇಲೆ ನನಗೆ ಮೊದಲ ಸಲ ಅನುಮಾನ ಬಂದಿದ್ದು ಆವಾಗ.

ಮೂರನೇ ದಿನ ಅಕ್ಕ ಲೈಬ್ರರಿಗೆ ಹೋದಳು, ದೊಡ್ಡಮ್ಮ ಸಾರಿನ ಪುಡಿ ಡಬ್ಬಿಗಳನ್ನ ಜೋಡಿಸ್ತಾ ಮನೇಲಿ ಉಳಿದರು. ಬೆಳಿಗ್ಗೆ ನಮ್ಮ ರಿಸಲ್ಟ್ ಬಂದಿತ್ತು. ನನಗೆ ಮ್ಯಾಥ್ಸ್ ಹೋಗಿತ್ತು. ಮನೇಲಿ ಯಾರಿಗೂ ಹೇಳಿರಲಿಲ್ಲ. ಫೋನ್ ನೋಡೋಕೆ ಮನಸ್ಸಿಲ್ಲದೆ ಜೇಬಿಗೆ ಹಾಕ್ಕೊಂಡು ಸುಮ್ಮನೆ ನಡೆಯೋಕೆ ಶುರು ಮಾಡಿದೆ. ಮ್ಯಾಪ್ ಇಲ್ಲದೆ ಯಾರ್ಕ್‌ನಲ್ಲಿ ನಡೆದರೆ ಕಳೆದುಹೋಗದೆ ಇರೋಕೆ ಸಾಧ್ಯವೇ ಇಲ್ಲ.

ಯಾಕಂದ್ರೆ ಅಲ್ಲಿ ಪದಗಳೇ ಉಲ್ಟಾ. ಯಾರ್ಕ್‌ನಲ್ಲಿ ಗೇಟ್ ಅಂದ್ರೆ ಬೀದಿ. 866ರಲ್ಲಿ ವೈಕಿಂಗ್‌ಗಳು ಈ ಊರನ್ನ ಹಿಡಿದರು, ಅವರ ಭಾಷೆಯಲ್ಲಿ 'ಗಾಟ' ಅಂದ್ರೆ ಬೀದಿ. ಅದೇ ಸ್ಟೋನ್‌ಗೇಟ್, ಗುಡ್ರಮ್‌ಗೇಟ್, ಕಾಪರ್‌ಗೇಟ್ ಆಗಿ ಉಳ್ಕೊಂಡಿದೆ. ಕಾಪರ್‌ಗೇಟ್‌ಗೂ ತಾಮ್ರಕ್ಕೂ ಸಂಬಂಧ ಇಲ್ಲ, ಅದು ಮರದ ಬಟ್ಟಲು ಕಡೆಯುವವರ ಬೀದಿ. ಹಾಗಾದ್ರೆ ನಿಜವಾದ ಗೇಟಿಗೆ, ಅಂದ್ರೆ ಕೋಟೆ ಬಾಗಿಲಿಗೆ, ಏನಂತಾರೆ? ಬಾರ್. ಮಿಕಲ್‌ಗೇಟ್ ಬಾರ್ ಅನ್ನೋ ಬೋರ್ಡ್ ನೋಡಿ, "ಅಯ್ಯೋ, ಇಷ್ಟು ದೊಡ್ಡ ಬಾರಾ?" ಅಂತ ದೊಡ್ಡಮ್ಮ ಬೆಚ್ಚಿಬಿದ್ದಿದ್ದು ಅದಕ್ಕೇ. ವೈಕಿಂಗ್‌ಗಳ ರಾಜ್ಯ ಹೋಗಿ ಸಾವಿರ ವರ್ಷದ ಮೇಲಾಯ್ತು. ಅವರ ಒಂದು ಪದವನ್ನ ಮಾತ್ರ ಊರಿನ ಜನ ದಿನಾ ಬೆಳಿಗ್ಗೆ ಅಡ್ರೆಸ್ ಹೇಳುವಾಗ ಹೇಳ್ತಾನೇ ಇದ್ದಾರೆ.

ಬೀದಿಗಳ ಮಧ್ಯೆ ಸಂದಿಗಳಿವೆ. ಒಬ್ಬರು ಬಂದ್ರೆ ಇನ್ನೊಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಷ್ಟು ಕಿರಿದು. ಮಾರ್ಕ್ ಜೋನ್ಸ್ ಅನ್ನೋ ಲೇಖಕ 1983ರಲ್ಲಿ ಈ ಸಂದಿಗಳಿಗೆ 'ಸ್ನಿಕಲ್‌ವೇ' ಅನ್ನೋ ಹೊಸ ಪದ ಕಟ್ಟಿದರು. ಆ ಕಡೆ ಸಂದಿಗೆ ಇರೋ ಸ್ನಿಕೆಟ್, ಗಿನೆಲ್, ಆಲಿವೇ ಅನ್ನೋ ಮೂರು ಪದಗಳನ್ನ ಸೇರಿಸಿದ ಹಾಗೆ. ಈಗ ಊರಿನವರೆಲ್ಲ ಅದು ನೂರಾರು ವರ್ಷದ ಪದ ಅನ್ನೋ ಥರ ಬಳಸ್ತಾರೆ.

ನಾನು ಹೋದ ದಾರಿ ಹೇಳ್ತೀನಿ, ಯಾರಾದ್ರೂ ಹೋದರೆ ಬೇಕಾಗತ್ತೆ. ಸ್ಟೋನ್‌ಗೇಟ್‌ನಲ್ಲಿ ತಲೆ ಎತ್ತಿ ನೋಡಿದರೆ ಒಂದು ಗೋಡೆ ಮೂಲೆಯಲ್ಲಿ ಕೆಂಪು ಬಣ್ಣದ ಪುಟ್ಟ ದೆವ್ವ ಕೂತಿರತ್ತೆ. ಹಿಂದೆ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಅಚ್ಚಿನ ಮೊಳೆ ಎತ್ತಿಕೊಡೋ ಹುಡುಗನಿಗೆ 'ಪ್ರಿಂಟರ್ಸ್ ಡೆವಿಲ್' ಅಂತಿದ್ದರು, ಇದು ಅದರ ಗುರುತು. ಅಲ್ಲೇ ಪಕ್ಕದಲ್ಲಿ ಕಾಫಿ ಯಾರ್ಡ್ ಅನ್ನೋ ಸಂದಿ. ಅದರೊಳಗೆ ನುಗ್ಗಿದರೆ ಬಾರ್ಲಿ ಹಾಲ್ ಅನ್ನೋ ಮಧ್ಯಯುಗದ ಮನೆ ಎದುರಾಗತ್ತೆ. ಹಳೇ ಕಟ್ಟಡಗಳ ಒಳಗೆ ಎಷ್ಟು ಮುಚ್ಚಿಹೋಗಿತ್ತು ಅಂದ್ರೆ, ಅಲ್ಲೊಂದು ಅಂಥ ಮನೆ ಇದೆ ಅಂತ ಗೊತ್ತಾಗಿದ್ದೇ 1980ರ ದಶಕದಲ್ಲಿ. ಆಚೆ ಗ್ರೇಪ್ ಲೇನ್, ಆಮೇಲೆ ಸ್ವೈನ್‌ಗೇಟ್, ಅಲ್ಲಿಂದ ಮ್ಯಾಡ್ ಆಲಿಸ್ ಲೇನ್ ದಾಟಿ ಪೀಟರ್‌ಗೇಟ್. ಮತ್ತೆ ಹಾರ್ನ್‌ಪಾಟ್ ಲೇನ್ ಅನ್ನೋ ಇನ್ನೊಂದು ಸಂದಿ. ಅದರ ಕೊನೆಯಲ್ಲಿ ಮರ, ಹುಲ್ಲು, ಒಂದು ಬೆಂಚು, ಒಂದು ಚಿಕ್ಕ ಚರ್ಚು.

ಅದು ಹೋಲಿ ಟ್ರಿನಿಟಿ. ಮಿನ್‌ಸ್ಟರ್‌ನಿಂದ ಐದು ನಿಮಿಷ ದೂರ ಇಲ್ಲ. ಅಲ್ಲಿ ಸಾವಿರಾರು ಜನ, ಇಲ್ಲಿ ನಾನು ಮತ್ತೆ ಒಬ್ಬರು ಅಜ್ಜಿ. ಒಳಗೆ ನೆಲ ಏರುಪೇರು, ಕಂಬಗಳು ನೆಟ್ಟಗಿಲ್ಲ. ಬೆಂಚುಗಳ ಬದಲು ಬಾಗಿಲಿರೋ ಮರದ ಪೆಟ್ಟಿಗೆ ಥರದ ಕಟಕಟೆಗಳು, ಒಂದೊಂದು ಮನೆಯವರು ಒಂದೊಂದರಲ್ಲಿ ಕೂತ್ಕೊಳ್ಳೋಕೆ. ಕಿಟಕಿಯಲ್ಲಿ ಹದಿನೈದನೇ ಶತಮಾನದ ಬಣ್ಣದ ಗಾಜು. ಇಂಜಿನಿಯರಿಂಗ್ ಡ್ರಾಯಿಂಗ್ ಮೇಷ್ಟ್ರು ಈ ಕಟ್ಟಡ ನೋಡಿದ್ರೆ ಶೀಟ್ ಹರಿದುಹಾಕ್ತಾ ಇದ್ದರು. ಒಂದು ಲೈನ್ ಕೂಡ ಪ್ಯಾರಲಲ್ ಇಲ್ಲ. ಆದರೂ ಶತಮಾನಗಳಿಂದ ನಿಂತಿದೆ. ಅಲ್ಲಿ ಅರ್ಧ ಗಂಟೆ ಕೂತೆ. ಆ ದಿನ ಸಮಾಧಾನ ಅನ್ನೋದು ಸಿಕ್ಕಿದ್ದು ಅಲ್ಲೇ.

ಚರ್ಚಿನಿಂದ ಗುಡ್ರಮ್‌ಗೇಟ್ ದಾಟಿ ಓಗಲ್‌ಫೋರ್ತ್ ಅನ್ನೋ ರಸ್ತೆ ಹಿಡಿದರೆ ಮಿನ್‌ಸ್ಟರ್ ಹಿಂಭಾಗಕ್ಕೆ ಬರ್ತೀವಿ. ಅಲ್ಲಿ ಟ್ರೆಷರರ್ಸ್ ಹೌಸ್ ಅನ್ನೋ ದೊಡ್ಡ ಮನೆ ಇದೆ. ಅದರ ಮುಂದೆ ಒಂದು ಟೂರ್ ಗುಂಪು ನಿಂತಿತ್ತು. ಗೈಡ್ ದೆವ್ವದ ಕಥೆ ಹೇಳ್ತಿದ್ದ. 1953ರಲ್ಲಿ ಈ ಮನೆಯ ನೆಲಮಾಳಿಗೆಯಲ್ಲಿ ಕೆಲಸ ಮಾಡ್ತಿದ್ದ ಪ್ಲಂಬಿಂಗ್ ಕಲಿಯೋ ಹುಡುಗ ಒಬ್ಬ, ಗೋಡೆಯೊಳಗಿಂದ ರೋಮನ್ ಸೈನಿಕರು ನಡೆದುಬಂದಿದ್ದನ್ನ ನೋಡಿದೆ ಅಂದನಂತೆ. ಎಲ್ಲರೂ ಬಾಯಿ ಬಿಟ್ಟು ಕೇಳಿದರು, ಫೋಟೋ ತೆಗೆದರು, ಹೋದರು.

ಗುಂಪು ಕರಗಿದ ಮೇಲೆ ಗೋಡೆ ಮೇಲಿದ್ದ ಫಲಕ ಕಾಣಿಸ್ತು. ಜಾನ್ ಗುಡ್ರಿಕ್ ಅನ್ನೋ ಹೆಸರು.

ಈ ಹುಡುಗ ಹುಟ್ಟಿದ್ದು 1764ರಲ್ಲಿ. ಚಿಕ್ಕಂದಿನಲ್ಲೇ ಕಾಯಿಲೆ ಬಂದು ಕಿವಿ ಪೂರ್ತಿ ಹೋಯ್ತು. ಈ ಮನೆಯ ಒಂದು ಭಾಗದಲ್ಲಿ ಅವನ ಕುಟುಂಬ ಇತ್ತು. 1782ರ ನವೆಂಬರ್ 12ರ ರಾತ್ರಿ ಅವನು ಪರ್ಸಿಯಸ್ ನಕ್ಷತ್ರಪುಂಜದ ಅಲ್ಗಾಲ್ ಅನ್ನೋ ನಕ್ಷತ್ರ ನೋಡಿದ. ಅದು ಮಂಕಾಗಿತ್ತು. ಸುಮ್ಮನೆ ಬಿಡಲಿಲ್ಲ. ಪಕ್ಕದಲ್ಲಿದ್ದ ಎಡ್ವರ್ಡ್ ಪಿಗಟ್ ಅನ್ನೋ ಗೆಳೆಯನ ಜೊತೆ ಸೇರಿ ಮೋಡ ಇಲ್ಲದ ರಾತ್ರಿಗಳಲ್ಲೆಲ್ಲ ನೋಡಿದ, ಬರೆದಿಟ್ಟ. ಅಲ್ಗಾಲ್ ಸುಮಾರು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಲೆಕ್ಕ ಹಾಕಿದ ಹಾಗೆ ಮಂಕಾಗತ್ತೆ ಅಂತ ಕಂಡುಕೊಂಡ. ಯಾಕೆ? ಅದರ ಸುತ್ತ ಇನ್ನೊಂದು ಕಪ್ಪಗಿನ ಕಾಯ ಸುತ್ತುತ್ತಾ ಅಡ್ಡ ಬರ್ತಿರಬಹುದು ಅಂದ. 1783ರಲ್ಲಿ ರಾಯಲ್ ಸೊಸೈಟಿ ಅವನಿಗೆ ಕಾಪ್ಲಿ ಮೆಡಲ್ ಕೊಟ್ಟಿತು. ಅವನ ಊಹೆ ಸರಿ ಅಂತ ಸ್ಪೆಕ್ಟ್ರೋಸ್ಕೋಪ್ ಹಿಡಿದು ಜರ್ಮನಿಯ ವೋಗೆಲ್ ತೋರಿಸಿದ್ದು 1889ರಲ್ಲಿ, ನೂರು ವರ್ಷ ಆದ ಮೇಲೆ. 1784ರಲ್ಲಿ ಗುಡ್ರಿಕ್ ಗುರುತಿಸಿದ ಇನ್ನೊಂದು ನಕ್ಷತ್ರ ಡೆಲ್ಟಾ ಸೆಫೈ. ಅಂಥ ನಕ್ಷತ್ರಗಳನ್ನೇ ಅಳತೆಗೋಲು ಮಾಡ್ಕೊಂಡು ಮುಂದೆ ಗ್ಯಾಲಕ್ಸಿಗಳ ದೂರ ಅಳೆದರು. 1786ರ ಏಪ್ರಿಲ್‌ನಲ್ಲಿ ಅವನನ್ನ ರಾಯಲ್ ಸೊಸೈಟಿಯ ಫೆಲೋ ಮಾಡಿದರು. ಅದಾಗಿ ನಾಲ್ಕೇ ದಿನಕ್ಕೆ ತೀರಿಕೊಂಡ. ವಯಸ್ಸು 21.

ಅಲ್ಗಾಲ್ ನೋಡಿದ ಆ ರಾತ್ರಿ ಅವನಿಗೆ ಹದಿನೆಂಟು. ನನಗಿಂತ ಒಂದು ವರ್ಷ ಚಿಕ್ಕವನು.

ಇಲ್ಲಿ ನಾನು ಮೋಟಿವೇಷನಲ್ ಸ್ಪೀಚ್ ಕೊಡ್ತೀನಿ ಅನ್ಕೊಂಡ್ರೆ, ಇಲ್ಲ. ಆ ಫಲಕ ಓದಿ ನನಗೆ ಸ್ಫೂರ್ತಿ ಬರಲಿಲ್ಲ, ಹೊಟ್ಟೆ ಕಿವುಚಿದ ಹಾಗಾಯ್ತು. ಸಂಜೆ ಅಕ್ಕನನ್ನ ಅಲ್ಲಿಗೇ ಕರ್ಕೊಂಡು ಬಂದೆ. ಅವಳು ಒಂದು ವರ್ಷದಿಂದ ಪಾರ್ಟ್ ಟೈಮ್ ಕೆಲಸಕ್ಕೆ ವಾರಕ್ಕೆ ಮೂರು ಸಲ ಅದೇ ಗೋಡೆ ಪಕ್ಕ ನಡೆದುಹೋಗ್ತಿದ್ದಳು. ಫಲಕ ನೋಡೇ ಇರಲಿಲ್ಲ. ದೀಪದ ಕೆಳಗೆ ಕತ್ತಲು ಅಂತಾರಲ್ಲ, ಹಾಗೆ. ಓದಿ ಮುಗಿಸಿ ಸುಮ್ಮನಿದ್ದಳು. ಆವಾಗ ನಾನು ರಿಸಲ್ಟ್ ವಿಷಯ ಹೇಳಿದೆ. "ಇವನು ಹದಿನೆಂಟಕ್ಕೆ ನಕ್ಷತ್ರದ ಲೆಕ್ಕ ಹಾಕ್ದ. ನಂಗೆ ಹತ್ತೊಂಬತ್ತಕ್ಕೆ ಇಂಟಿಗ್ರೇಷನ್ ಬರ್ತಿಲ್ಲ ಕಣಕ್ಕ."

ಅಕ್ಕ ಸಮಾಧಾನ ಮಾಡಲಿಲ್ಲ. "ಲೋ, ಇವ್ನು ಹೊಸ ನಕ್ಷತ್ರ ಏನೂ ಹುಡುಕ್ಲಿಲ್ಲ. ಎಲ್ರಿಗೂ ಕಾಣ್ತಿದ್ದ ನಕ್ಷತ್ರಾನೇ ಬಿಡ್ದೆ ನೋಡ್ದ, ಅಷ್ಟೆ. ನೀನು ಮ್ಯಾಥ್ಸ್ ಬುಕ್ ಯಾವತ್ತಾದ್ರೂ ಪೂರ್ತಿ ನೋಡಿದ್ಯಾ? ಆ ಪಿಡಿಎಫ್ ಬಿಟ್ಟು?" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ನನಗೂ ಹನ್ನೊಂದು ಕಡೆಯಿಂದ ರಿಜೆಕ್ಷನ್ ಮೇಲ್ ಬಂದಿದೆ. ಅಮ್ಮಂಗೆ ಹೇಳ್ಬೇಡ" ಅಂದಳು. ಇಬ್ಬರೂ ಚಿಪ್ಸ್ ತಿಂದುಕೊಂಡು ಮನೆಗೆ ಬಂದ್ವಿ.

ಆಮೇಲಿನ ದಿನಗಳಲ್ಲಿ ಲಿಸ್ಟ್ ತೆಗೆದುನೋಡಲಿಲ್ಲ. ಅಕ್ಕನಿಗೆ ಬಿಡುವಿದ್ದಾಗ ಅವಳೂ ಬಂದಳು, ಅವಳಿಗೂ ಅದು ಹೊಸ ಊರೇ. ನಮ್ಮ ನಮ್ಮ ಬ್ರಾಂಚಿನವರಿಗೆ ಅಂತ ಕೆಲವು ಹೇಳ್ತೀನಿ.

ಸಿವಿಲ್‌ನವರಿಗೆ: ಮಿನ್‌ಸ್ಟರ್‌ಗೆ ಎರಡನೇ ಸಲ ಹೋಗಿ, ಆದರೆ ಮೇಲೆ ನೋಡಬೇಡಿ, ಕೆಳಗೆ ಇಳೀರಿ. 1407ರಲ್ಲಿ ಅದರ ಮಧ್ಯದ ಗೋಪುರ ಕುಸಿದಿತ್ತು, ಮತ್ತೆ ಕಟ್ಟಿದರು. 1967ರಲ್ಲಿ ಸರ್ವೆ ಮಾಡಿದಾಗ ಆ ಗೋಪುರದ ಅಡಿಪಾಯ ಮತ್ತೆ ಅಪಾಯದಲ್ಲಿದೆ ಅಂತ ಗೊತ್ತಾಯ್ತು. ಗೋಪುರ ಮೇಲೆ ಹಾಗೇ ನಿಂತಿರುವಾಗ ಕೆಳಗೆ ಅಗೆದು, ಹಳೇ ಕಲ್ಲಿನ ಅಡಿಪಾಯದ ಸುತ್ತ ಕಾಂಕ್ರೀಟ್ ಪಟ್ಟಿ ಕಟ್ಟಿ, ಸ್ಟೇನ್‌ಲೆಸ್ ಸ್ಟೀಲ್ ರಾಡ್‌ಗಳಿಂದ ಬಿಗಿದರು. 1972ರ ತನಕ ಐದು ವರ್ಷ ಹಿಡೀತು. ಆ ಕಾಂಕ್ರೀಟನ್ನ, ಆ ರಾಡ್‌ಗಳ ತುದಿಯನ್ನ ನೆಲಮಾಳಿಗೆಯಲ್ಲಿ ಹತ್ತಿರದಿಂದಲೇ ನೋಡಬಹುದು. ಅಗೆಯುವಾಗ ರೋಮನ್ ಸೈನ್ಯದ ಹೆಡ್‌ಕ್ವಾರ್ಟರ್ಸ್ ಸಿಕ್ಕಿತು. ರೋಮನ್ನರು ಈ ಊರು ಶುರು ಮಾಡಿದ್ದು ಕ್ರಿ.ಶ. 71ರಲ್ಲಿ, ಕಾನ್‌ಸ್ಟಂಟೈನ್‌ನನ್ನ 306ರಲ್ಲಿ ಚಕ್ರವರ್ತಿ ಅಂತ ಘೋಷಿಸಿದ್ದೂ ಇಲ್ಲೇ. ಹಾಗೆ ಸಿಕ್ಕಿದ ಒಂದು ರೋಮನ್ ಕಂಬವನ್ನ ಮಿನ್‌ಸ್ಟರ್ ಎದುರಿಗೆ ನಿಲ್ಲಿಸಿದ್ದಾರೆ. ಅದನ್ನ ತಲೆಕೆಳಗಾಗಿ ನಿಲ್ಲಿಸಿದ್ದಾರೆ ಅಂತ ಊರಿನವರೇ ಹೇಳ್ಕೊಂಡು ನಗ್ತಾರೆ. ಸೈಟ್ ಇಂಜಿನಿಯರ್ ಕಥೆ ಎಲ್ಲಾ ಕಡೆನೂ ಒಂದೇ.

ಮೆಕ್ಯಾನಿಕಲ್‌ನವರಿಗೆ: ರೈಲ್ವೆ ಸ್ಟೇಷನ್ ಹಿಂದೆ ನ್ಯಾಷನಲ್ ರೈಲ್ವೆ ಮ್ಯೂಸಿಯಂ ಇದೆ, ಒಳಗೆ ಹೋಗೋಕೆ ದುಡ್ಡಿಲ್ಲ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ ಓಡಿ ಉಗಿಬಂಡಿಗಳ ದಾಖಲೆ ಮಾಡಿದ ಮಲ್ಲಾರ್ಡ್ ಅಲ್ಲಿದೆ, ಎಲ್ಲರೂ ಅದರ ಮುಂದೆ ಫೋಟೋ ತೆಗೆಸ್ಕೊಳ್ತಾರೆ. ನೀವು ಎಲ್ಲರ್‌ಮನ್ ಲೈನ್ಸ್ ಅನ್ನೋ ಎಂಜಿನ್ ಹುಡುಕಿ. ಅದನ್ನ ಉದ್ದಕ್ಕೆ ಕತ್ತರಿಸಿ ಇಟ್ಟಿದ್ದಾರೆ. ಬೆಂಕಿ ಎಲ್ಲಿ, ಬಾಯ್ಲರ್ ಟ್ಯೂಬ್ ಎಲ್ಲಿ, ಉಗಿ ಯಾವ ದಾರಿಯಲ್ಲಿ ಸಿಲಿಂಡರ್‌ಗೆ ಬರತ್ತೆ, ಎಲ್ಲಾ ಕಣ್ಣೆದುರಿಗೆ. ಥರ್ಮೋ ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸೋದು ಇಲ್ಲಿ ಕಬ್ಬಿಣದಲ್ಲಿದೆ. ಸಮಯ ಇದ್ದರೆ ಹೋಲ್ಗೇಟ್ ವಿಂಡ್‌ಮಿಲ್‌ಗೂ ಹೋಗಿ. 1770ರ ಗಾಳಿಗಿರಣಿ, ಸುತ್ತ ಮಾಮೂಲಿ ಮನೆಗಳು, ಮಧ್ಯೆ ಇದು. ಐದು ರೆಕ್ಕೆ. ನಾಲ್ಕು ರೆಕ್ಕೆ ಇದ್ದು ಒಂದು ಮುರಿದರೆ ಎದುರಿನದನ್ನೂ ತೆಗೆದು ಎರಡರಲ್ಲಿ ಓಡಿಸಬಹುದು. ಐದರಲ್ಲಿ ಒಂದು ಮುರಿದರೆ ಬ್ಯಾಲೆನ್ಸ್ ಹೋಯ್ತು, ರಿಪೇರಿ ಆಗೋ ತನಕ ಗಿರಣಿ ನಿಂತ ಹಾಗೇ. ಊರಿನ ಸ್ವಯಂಸೇವಕರು ವರ್ಷಗಟ್ಟಲೆ ದುಡ್ಡು ಕೂಡಿಸಿ ಅದನ್ನ ಮತ್ತೆ ಹಿಟ್ಟು ಬೀಸೋ ಹಾಗೆ ಮಾಡಿದ್ದಾರೆ.

ಎಲೆಕ್ಟ್ರಿಕಲ್‌ನವರಿಗೆ: ಊಸ್ ನದಿಯ ದಂಡೆ ಮೇಲೆ ನಡೆದುಹೋಗಿ ಫಾಸ್ ಬ್ಯಾರಿಯರ್ ನೋಡಿ. ಊಸ್‌ಗೆ ಫಾಸ್ ಅನ್ನೋ ಚಿಕ್ಕ ನದಿ ಸೇರೋ ಜಾಗ. ಊಸ್ ತುಂಬಿದಾಗ ನೀರು ಹಿಂದಕ್ಕೆ ಫಾಸ್‌ಗೆ ನುಗ್ಗಿ ಮನೆಗಳಿಗೆ ಬರ್ತಿತ್ತು. ಅದನ್ನ ತಡೆಯೋಕೆ 1987ರಲ್ಲಿ ಗೇಟ್ ಹಾಕಿದರು. ಗೇಟ್ ಇಳಿಸಿದರೆ ಫಾಸ್ ನೀರು ಎಲ್ಲಿಗೆ ಹೋಗಬೇಕು? ಅದನ್ನ ಪಂಪ್ ಮಾಡಿ ಊಸ್‌ಗೆ ಎತ್ತಿ ಹಾಕ್ತಾರೆ. 2015ರ ಡಿಸೆಂಬರ್ 26ರಂದು ಎರಡೂ ನದಿ ಉಕ್ಕಿದವು, ಪಂಪ್‌ಗಳ ಕಟ್ಟಡದ ಒಳಗೇ ನೀರು ಬಂತು. ಕರೆಂಟ್ ಹೋದರೆ ಪಂಪೂ ನಿಲ್ಲತ್ತೆ, ಗೇಟೂ ಎತ್ತೋಕಾಗಲ್ಲ. ಹಾಗಾಗಿ ಗೇಟ್ ಎತ್ತಿಬಿಡೋ ತೀರ್ಮಾನ ಮಾಡಿದರು. ನೂರಾರು ಮನೆ, ಅಂಗಡಿಗಳಿಗೆ ನೀರು ನುಗ್ಗಿತು. ಆಮೇಲೆ ದೊಡ್ಡ ಪಂಪ್ ಹಾಕಿ, ಎಲೆಕ್ಟ್ರಿಕಲ್ ಉಪಕರಣಗಳನ್ನ ಎತ್ತರಕ್ಕೆ ಏರಿಸಿದರು. ಪ್ರವಾಹ ತಡೆಯೋ ಯಂತ್ರದ ಸ್ವಿಚ್‌ಗಳು ಪ್ರವಾಹಕ್ಕಿಂತ ಮೇಲಿರಬೇಕು ಅನ್ನೋದು ಹೇಳಿದ ಮೇಲೆ ಎಷ್ಟು ಸುಲಭ ಅನ್ಸತ್ತೆ ನೋಡಿ. ಅಲ್ಲಿ ನಿಂತಾಗ ನನಗೆ ನಗು ಬರಲಿಲ್ಲ. ನಾಳೆ ಇಂಥ ಡ್ರಾಯಿಂಗ್‌ಗೆ ಸೈನ್ ಹಾಕೋರು ನಾವೇ.

ಸಿಎಸ್, ಡೇಟಾ ಸೈನ್ಸ್‌ನವರಿಗೆ ಎರಡು ಹೆಸರು. ಒಂದು ಜಾನ್ ಸ್ನೋ. 1813ರಲ್ಲಿ ಯಾರ್ಕ್‌ನ ನಾರ್ತ್ ಸ್ಟ್ರೀಟ್‌ನಲ್ಲಿ ಹುಟ್ಟಿದ ಕೂಲಿಯವನ ಮಗ. 1854ರಲ್ಲಿ ಲಂಡನ್‌ನಲ್ಲಿ ಕಾಲರಾ ಬಂದಾಗ ಸತ್ತವರ ಮನೆಗಳನ್ನ ಮ್ಯಾಪ್ ಮೇಲೆ ಗುರುತು ಮಾಡಿ, ಬ್ರಾಡ್ ಸ್ಟ್ರೀಟ್‌ನ ಒಂದು ಬೀದಿ ಪಂಪಿನ ಸುತ್ತಲೇ ಜನ ಹೆಚ್ಚು ಸತ್ತಿದ್ದಾರೆ ಅಂತ ತೋರಿಸಿದ ಡಾಕ್ಟರ್. ಆ ಪಂಪಿನ ಹಿಡಿ ತೆಗೆಸಿದರು. ನಾರ್ತ್ ಸ್ಟ್ರೀಟ್‌ನ ನದಿ ಪಕ್ಕದ ಪಾರ್ಕ್‌ನಲ್ಲಿ ಅವನ ನೆನಪಿಗೆ ಹಿಡಿ ಇಲ್ಲದ ಒಂದು ಪಂಪ್ ನಿಲ್ಲಿಸಿದ್ದಾರೆ. ಇನ್ನೊಂದು ಸೀಬೋಮ್ ರೌನ್‌ಟ್ರೀ. ನಾವು ತಿನ್ನೋ ಕಿಟ್‌ಕ್ಯಾಟ್ 1935ರಲ್ಲಿ ಹುಟ್ಟಿದ್ದು ಯಾರ್ಕ್‌ನ ರೌನ್‌ಟ್ರೀ ಕಾರ್ಖಾನೆಯಲ್ಲಿ. ಆ ಮನೆತನದ ಸೀಬೋಮ್ ಕೆಮಿಸ್ಟ್ರಿ ಓದಿದವನು. 1899ರಲ್ಲಿ ಊರಿನ ದುಡಿಯೋ ಜನರ ಮನೆಮನೆಗೂ ಸರ್ವೆ ಮಾಡಿಸಿದ, ಒಟ್ಟು 11,560 ಕುಟುಂಬ. ಬದುಕೋಕೆ ಕಡಿಮೆ ಅಂದ್ರೆ ಎಷ್ಟು ಬೇಕು ಅಂತ ಆಹಾರ, ಬಾಡಿಗೆ, ಬಟ್ಟೆ ಎಲ್ಲಾ ಲೆಕ್ಕ ಹಾಕಿ ಒಂದು ಗೆರೆ ಎಳೆದ. ಊರಿನ ನೂರಕ್ಕೆ ಸುಮಾರು 28 ಜನ ಬಡತನದಲ್ಲಿದ್ದಾರೆ ಅಂತ 1901ರಲ್ಲಿ ಪುಸ್ತಕ ಬರೆದ. ಬಡವರು ಸೋಮಾರಿಗಳು, ಕುಡುಕರು ಅಂತ ಹೇಳ್ಕೊಂಡು ಬಂದಿದ್ದವರಿಗೆ, ಬೆವರು ಸುರಿಸಿ ದುಡಿದರೂ ಕೂಲಿ ಸಾಲದವರು ಎಷ್ಟೋ ಜನ ಇದ್ದಾರೆ ಅಂತ ಅಂಕಿಅಂಶ ತೋರಿಸಿದ. ಈಗ ಟೂರಿಸ್ಟ್‌ಗಳು ಕಾಫಿ ಕುಡಿಯೋ ಆ ಮುದ್ದಾದ ಸಂದಿಗಳಲ್ಲಿ ಕೆಲವು ಆಗ ಕೊಳೆಗೇರಿ ಆಗಿದ್ದವು. ಸೊಗಸು ನೋಡುವಾಗ ಅದನ್ನೂ ನೋಡಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ರೂಮ್‌ಮೇಟ್ ಕೇಳಿದ: "ನಿಂಗೇನಪ್ಪ, ಹತ್ತು ದಿನ ಇತ್ತು, ಅಕ್ಕನ ಮನೆ ಇತ್ತು. ಒಂದೇ ದಿನ ಇರೋನು ಲಿಸ್ಟ್ ಇಲ್ದೆ ಏನ್ ಮಾಡ್ಬೇಕು?" ನ್ಯಾಯವಾದ ಪ್ರಶ್ನೆ. ನಾನು ಲಿಸ್ಟ್ ಸುಟ್ಟುಹಾಕಿ ಅಂತಿಲ್ಲ. ಮಿನ್‌ಸ್ಟರ್ ನೋಡದೆ ಬರೋದು ಮೂರ್ಖತನ. ಆದರೆ ಆ ಒಂದು ದಿನದಲ್ಲಿ ಎರಡು ಗಂಟೆ ಖಾಲಿ ಬಿಡಿ. ಕೋಟೆ ಗೋಡೆ ಮೇಲೆ ನಡೆಯೋಕೆ ಟಿಕೆಟ್ ಇಲ್ಲ. ಸಂದಿಗಳಿಗೆ ಟಿಕೆಟ್ ಇಲ್ಲ. ಗುಡ್ರಿಕ್ ಫಲಕಕ್ಕೂ ಇಲ್ಲ, ಹಿಡಿ ಇಲ್ಲದ ಪಂಪಿಗೂ ಇಲ್ಲ. ನಿಜ ಹೇಳಬೇಕಂದ್ರೆ ಸ್ಟೂಡೆಂಟ್ ಬಜೆಟ್‌ಗೆ ಹೊಂದೋದು ಲಿಸ್ಟ್‌ನಲ್ಲಿ ಇಲ್ಲದ ಯಾರ್ಕೇ.

ಇನ್ನೊಂದು ವಾದ ಇದೆ: ಲಿಸ್ಟ್ ಇರೋದ್ರಿಂದಲೇ ಜನ ಬರ್ತಾರೆ, ಜನ ಬರೋದ್ರಿಂದಲೇ ಹಳೇದು ಉಳಿಯತ್ತೆ ಅಂತ. ಅರ್ಧ ಸತ್ಯ. ಯಾರ್ಕ್ ಕೋಟೆ ಗೋಡೆಯ ಕಥೆ ಕೇಳಿ. 1800ರ ಹೊತ್ತಿಗೆ ಅಲ್ಲಿನ ಕಾರ್ಪೊರೇಷನ್ನೇ ಗೋಡೆ ಕೆಡವೋಕೆ ಹೊರಟಿತ್ತು. ರಿಪೇರಿ ಖರ್ಚು ಜಾಸ್ತಿ, ಗಾಡಿಗಳಿಗೆ ಅಡ್ಡ ಅನ್ನೋ ಕಾರಣ. ಕೋಟೆ ಬಾಗಿಲುಗಳ ಮುಂದಿದ್ದ ಹೊರಕಟ್ಟುಗಳನ್ನ ಕೆಡವಿದರು, ಈಗ ಉಳಿದಿರೋದು ವಾಮ್‌ಗೇಟ್ ಬಾರ್‌ನದ್ದು ಒಂದೇ. ವಿರೋಧ ಮಾಡಿದವರಲ್ಲಿ ವಿಲಿಯಂ ಎಟ್ಟಿ ಅನ್ನೋ ಚಿತ್ರಕಾರ ಮುಖ್ಯ, ಅದೇ ಊರಿನ ಬೇಕರಿಯವನ ಮಗ. ಆಗ ಆ ಗೋಡೆ ಯಾವ ಟಾಪ್ ಟೆನ್‌ನಲ್ಲೂ ಇರಲಿಲ್ಲ. ದಿನಾ ಓಡಾಡೋ ಜನ ಅದನ್ನ ಕಣ್ಣಿಟ್ಟು ನೋಡಿದ್ದರು, ಅದಕ್ಕೇ ಹೋಗಿಬಿಟ್ಟರೆ ಏನು ಕಳ್ಕೊಳ್ತೀವಿ ಅಂತ ಅವರಿಗೆ ಗೊತ್ತಿತ್ತು. ಇವತ್ತು ಅದೇ ಗೋಡೆ ಪ್ರತಿ ಲಿಸ್ಟ್‌ನಲ್ಲೂ ಇದೆ. ಆರ್ಟ್ ಗ್ಯಾಲರಿ ಮುಂದೆ ಎಟ್ಟಿ ಪ್ರತಿಮೆ ಇದೆ, ಕಾಲ ಹತ್ತಿರ ಒಂದು ಪುಟ್ಟ ಕೋಟೆ ಬಾಗಿಲು. ಲಿಸ್ಟ್ ಆಮೇಲೆ ಬರತ್ತೆ. ಮೊದಲು ಯಾರೋ ಒಬ್ಬರು ನೋಡಿರಬೇಕು.

ನಮ್ಮಲ್ಲಿ ಎಷ್ಟೋ ಜನ ಇನ್ನೆರಡು ಮೂರು ವರ್ಷಕ್ಕೆ ಎಂಎಸ್‌ಗೆ ಅಂತ ಇಂಗ್ಲೆಂಡು, ಜರ್ಮನಿ, ಅಮೆರಿಕ ಅಂತ ಹೊರಡ್ತೀವಿ. ಅಕ್ಕನ ಥರ ಬಾಡಿಗೆ, ಅಸೈನ್‌ಮೆಂಟ್, ಪಾರ್ಟ್ ಟೈಮ್ ಕೆಲಸದ ಮಧ್ಯೆ ಊರನ್ನ ನೋಡದೇ ವಾಪಸ್ ಬರೋದು ತುಂಬ ಸುಲಭ. ಅದಕ್ಕೆ ಅವಳನ್ನ ಬೈಯೋಕಾಗಲ್ಲ. ನಾವು ಹೊರಟಾಗ ಸ್ಟೇಷನ್‌ನಲ್ಲಿ ದೊಡ್ಡಮ್ಮ ಅವಳಿಗೆ ಕೊಟ್ಟ ಬುದ್ಧಿಮಾತು ಒಂದೇ: "ಕೆಲ್ಸ ಸಿಗತ್ತೆ, ಬಿಡು. ವಾರಕ್ಕೊಂದಿನ ಸುಮ್ನೆ ಓಡಾಡು." ರಿಜೆಕ್ಷನ್ ಮೇಲ್ ವಿಷಯ ನಾನು ಹೇಳಿರಲಿಲ್ಲ. ಅವರಿಗೆ ಹೇಗೋ ಗೊತ್ತಾಗಿತ್ತು. ಈಗ ಭಾನುವಾರಗಳಲ್ಲಿ ಅಕ್ಕ ನನಗೆ ಯಾವುದೋ ಸಂದಿಯ ಫೋಟೋ ಕಳಿಸ್ತಾಳೆ, ಯಾವುದು ಹೇಳು ನೋಡೋಣ ಅಂತ.

ಮ್ಯಾಥ್ಸ್ ಬ್ಯಾಕ್ ಪೇಪರ್ ಇನ್ನೂ ಬರೀಬೇಕು. ಈ ಸಲ ಪುಸ್ತಕ ಇಟ್ಕೊಂಡು ಓದ್ತಿದ್ದೀನಿ, ನಿಧಾನವಾಗಿ ಹೋಗ್ತಿದೆ. ರಾತ್ರಿ ತಲೆ ಕೆಟ್ಟಾಗ ಹಾಸ್ಟೆಲ್ ಟೆರೇಸ್‌ಗೆ ಹೋಗ್ತೀನಿ. ನವೆಂಬರ್, ಡಿಸೆಂಬರ್‌ನಲ್ಲಿ ಒಂಬತ್ತು ಗಂಟೆ ಹೊತ್ತಿಗೆ ಉತ್ತರದ ಕಡೆ ಮೇಲೆ ಪರ್ಸಿಯಸ್ ಚೆನ್ನಾಗಿ ಕಾಣತ್ತೆ, ಅದರಲ್ಲಿ ಅಲ್ಗಾಲ್. ಟೆಲಿಸ್ಕೋಪ್ ಬೇಡ, ಗುಡ್ರಿಕ್ ಅದು ಮಂಕಾಗಿದ್ದನ್ನ ಕಂಡಿದ್ದೂ ಬರಿಗಣ್ಣಿಂದಲೇ. ಒಂದು ಚಿಕ್ಕ ನೋಟ್‌ಬುಕ್‌ನಲ್ಲಿ ದಿನಾಂಕ, ಹೊತ್ತು, ಪಕ್ಕದ ನಕ್ಷತ್ರಕ್ಕಿಂತ ಜಾಸ್ತಿನಾ ಕಮ್ಮಿನಾ ಅಂತ ಬರೆದಿಡ್ತಿದ್ದೀನಿ. ಇಲ್ಲಿಯವರೆಗೆ ಒಂಬತ್ತು ರಾತ್ರಿ ಆಗಿದೆ. ಮಂಕಾಗಿದ್ದು ಇನ್ನೂ ಸಿಕ್ಕಿಲ್ಲ. ಬರೋರು ಬನ್ನಿ, ಮೆಟ್ಟಿಲ ಬಾಗಿಲು ಹತ್ತೂವರೆಗೆ ಬೀಗ ಹಾಕ್ತಾರೆ.